ತಾಲ್ಲೂಕು ಕೋರ್ಟಿನ ಉಚಿತ ವಕೀಲರನ್ನು ನಂಬಿ ಪಾಲಿನ ದಾವೆ ಹಾಕಬಹುದೇ?

ಹೊಂಗೆನೆರಳು
ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಗೆ ತವರಿನಿಂದ ಬರಬೇಕಾದ ಪಾಲಿನ ವಿಷಯ. ಅಜ್ಜನ ಹೆಸರಿನಲ್ಲಿ ಆರು ಎಕರೆ ಖುಷ್ಕಿ ಜಮೀನು, ಊರೊಳಗೆ ಒಂದು ಹಳೆಯ ಮನೆ ಇವೆ. ಅಜ್ಜ 2014ರಲ್ಲಿ ತೀರಿಕೊಂಡರು. ಇಬ್ಬರು ಸೋದರಮಾವಂದಿರೇ ಉಳುಮೆ ಮಾಡುತ್ತಿದ್ದಾರೆ, ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಈಚೆಗೆ ದೊಡ್ಡ ಮಾವ ಸೀರೆ, ಅರಿಶಿನ ಕುಂಕುಮದ ಜೊತೆಗೆ ಹಕ್ಕು ಬಿಡುಗಡೆ ಪತ್ರವನ್ನೂ ಹಿಡಿದುಕೊಂಡು ಬಂದಿದ್ದರು. ಅಮ್ಮ ಸೀರೆ ತೆಗೆದುಕೊಂಡರು, ರುಜು ಹಾಕಲಿಲ್ಲ. ಅಲ್ಲಿಗೆ ಮಾತುಕತೆ ನಿಂತಿತು.

ನಾವು ವಿಚಾರಿಸಿದ ವಕೀಲರು ಹೇಳಿದ ಫೀಸು ನಮ್ಮ ಕೈಗೆ ಎಟುಕುವಂತಿಲ್ಲ. ಕೋರ್ಟಿನ ಆವರಣದಲ್ಲಿ ಉಚಿತ ಕಾನೂನು ನೆರವಿನ ಫಲಕ ನೋಡಿದೆ. ಒಳಗೆ ಹೋಗೋಣವೆಂದರೆ ಊರಿನವರೆಲ್ಲ ಹೆದರಿಸುತ್ತಿದ್ದಾರೆ: ಪುಕ್ಕಟೆ ವಕೀಲರು ಕೆಲಸ ಮಾಡುವುದಿಲ್ಲ, ಎದುರಾಳಿಯ ಜೊತೆ ಸೇರಿಕೊಳ್ಳುತ್ತಾರೆ ಎಂದು. ಅನುಭವ ಇರುವವರು ದಯವಿಟ್ಟು ಹೇಳಿ.

ಖಾರಾಮಂಡಕ್ಕಿ
ಹೆದರಿಸುವವರಲ್ಲಿ ಎಷ್ಟು ಜನ ಆ ಕಚೇರಿಯ ಮೆಟ್ಟಿಲು ಹತ್ತಿದ್ದಾರೆ, ಮೊದಲು ಕೇಳಿ.

ಕರಿಕೋಟು
ಜಿಲ್ಲಾ ಕೇಂದ್ರವೊಂದರಲ್ಲಿ ವಕೀಲಿ ಮಾಡುತ್ತೇನೆ, ಕಾನೂನು ನೆರವಿನ ಪಟ್ಟಿಯಲ್ಲೂ ಇದ್ದೇನೆ. ಆದ್ದರಿಂದ ನನ್ನ ಮಾತನ್ನು ಸ್ವಲ್ಪ ಅನುಮಾನದಿಂದಲೇ ತೆಗೆದುಕೊಳ್ಳಿ.

ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1987ರದು, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕಾರ್ಖಾನೆ ಕಾರ್ಮಿಕರು ಇವರೆಲ್ಲರಿಗೂ ವರಮಾನ ನೋಡದೆ ವಕೀಲರನ್ನು ಕೊಡಬೇಕು. ವರಮಾನದ ಮಿತಿ ಇರುವುದು ಉಳಿದವರಿಗೆ. ನಿಮ್ಮ ತಾಯಿ ಹೆಣ್ಣುಮಗಳು ಎಂಬುದೊಂದೇ ಸಾಕು. ವಕೀಲರ ಫೀಸಷ್ಟೇ ಅಲ್ಲ, ನ್ಯಾಯಾಲಯ ಶುಲ್ಕ, ನಕಲಿನ ಖರ್ಚು ಕೂಡ ಇದರಲ್ಲಿ ಸೇರುತ್ತದೆ. ವಕೀಲರಿಗೆ ಪ್ರಾಧಿಕಾರವೇ ಸಂಭಾವನೆ ಕೊಡುತ್ತದೆ. ನಿಮ್ಮಿಂದ ಬಿಡಿಗಾಸು ಕೇಳುವಂತಿಲ್ಲ. ಕೇಳಿದರೆ ಲಿಖಿತ ದೂರು ಕೊಡಿ, ವಕೀಲರನ್ನು ಬದಲಿಸಿಕೊಡಿ ಎಂದೂ ಅರ್ಜಿ ಹಾಕಬಹುದು.

ಇನ್ನು ಮುಖ್ಯ ವಿಷಯ. ಅಜ್ಜ ಉಯಿಲು ಬರೆದಿದ್ದಾರೆಯೇ? ಜಮೀನು ಪಿತ್ರಾರ್ಜಿತವೋ ಸ್ವಯಾರ್ಜಿತವೋ? ಇವೆರಡನ್ನು ಖಚಿತ ಮಾಡಿಕೊಳ್ಳಿ. ಉಯಿಲು ಇಲ್ಲದಿದ್ದರೆ ಎರಡರಲ್ಲೂ ಮಗಳಿಗೆ ಪಾಲಿದೆ.

ಹಳೇಪೇಟೆ
ಕರಿಕೋಟು ಅವರೇ, ತಾಯಿಯ ಮದುವೆ ಯಾವಾಗ ಆಯಿತೆಂದು ಕೇಳಲೇ ಇಲ್ಲವಲ್ಲ? ಕರ್ನಾಟಕದಲ್ಲಿ 1994ಕ್ಕಿಂತ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ. ನಮ್ಮ ಅತ್ತೆಯ ದಾವೆ ಇದೇ ಕಾರಣಕ್ಕೆ ಬಿದ್ದುಹೋಯಿತು.

ಕರಿಕೋಟು
ಅದು ಹಿಂದೂ ಉತ್ತರಾಧಿಕಾರ ಕಾಯಿದೆಗೆ ನಮ್ಮ ರಾಜ್ಯ ಮಾಡಿದ ತಿದ್ದುಪಡಿ, 1994ರ ಜುಲೈ 30ರಿಂದ ಜಾರಿಯಲ್ಲಿತ್ತು. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದ ಮೇಲೆ ಮದುವೆಯ ತಾರೀಖಿನ ಮಾತೇ ಇಲ್ಲ. ತಂದೆ ಆ ದಿನ ಬದುಕಿರಬೇಕಿತ್ತೋ ಇಲ್ಲವೋ ಎಂಬ ಜಗ್ಗಾಟ ಬಹಳ ವರ್ಷ ನಡೆಯಿತು. ಅದನ್ನೂ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಗಿಸಿತು: ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಉಳಿದ ಒಂದು ಬಾಗಿಲು ಎಂದರೆ, 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪಾಲುಪತ್ರವೋ ಕೋರ್ಟಿನ ಡಿಕ್ರಿಯೋ ಆಗಿದ್ದರೆ ಅದನ್ನು ಮತ್ತೆ ಕೆದಕುವಂತಿಲ್ಲ. ಹೊಂಗೆನೆರಳು ಅವರ ಅಜ್ಜ 2014ರವರೆಗೂ ಇದ್ದರು, ಪಹಣಿಯೂ ಅವರ ಹೆಸರಿನಲ್ಲೇ ಇದೆ. ಅಂಥ ಪಾಲುಪತ್ರ ಆಗಿರುವ ಹಾಗೆ ಕಾಣುವುದಿಲ್ಲ.

ಮತ್ತೊಂದು: ಪಾಲಿನಿಂದ ಹೊರಗಿಟ್ಟಿದ್ದಾರೆ ಎಂದು ತಿಳಿದ ದಿನದಿಂದ 12 ವರ್ಷದೊಳಗೆ ದಾವೆ ಹಾಕಬೇಕು. ಯೋಚನೆ ಮಾಡುತ್ತಾ ಕೂರಬೇಡಿ.

ಹಳೇಪೇಟೆ
ಸರಿ ಸ್ವಾಮಿ, ಹಕ್ಕು ಇದೆ ಎನ್ನೋಣ. ಆದರೆ ಕೋರ್ಟ್ ಶುಲ್ಕ? ಜಮೀನಿನ ಮಾರುಕಟ್ಟೆ ಬೆಲೆಯ ಮೇಲೆ ಕಟ್ಟಿಸಿಕೊಳ್ಳುತ್ತಾರೆ. ಬಡವರಿಗೆ ಬಾಗಿಲು ತೆರೆದಿದೆ ಎನ್ನುವುದು ಭಾಷಣಕ್ಕೆ ಚೆನ್ನ.

ಕರಿಕೋಟು
1958ರ ನಮ್ಮ ಶುಲ್ಕ ಕಾಯಿದೆಯ 35ನೇ ಕಲಮು ನೋಡಿ. ಜಂಟಿ ಸ್ವಾಧೀನದಲ್ಲಿ ಇದ್ದೇವೆ ಎಂದು ಹೇಳುವ ಪಾಲಿನ ದಾವೆಗೆ ಗರಿಷ್ಠ ಶುಲ್ಕ 200 ರೂಪಾಯಿ. ಸ್ವಾಧೀನದಿಂದ ಹೊರಹಾಕಿದ್ದಾರೆ ಎಂದು ನೀವೇ ದಾವೆಯಲ್ಲಿ ಬರೆದುಕೊಂಡರೆ ಮಾತ್ರ ಮಾರುಕಟ್ಟೆ ಬೆಲೆಯ ಲೆಕ್ಕ. ದಾವೆ ಬರೆಯುವವರ ಕೈಗುಣ ಇಲ್ಲಿಯೇ ತಿಳಿಯುವುದು.

ಖಾರಾಮಂಡಕ್ಕಿ
ಎರಡು ನೂರಕ್ಕೆ ಆರು ಎಕರೆ ದಾವೆ! ನಮ್ಮೂರ ಜೆರಾಕ್ಸ್ ಅಂಗಡಿಯವನಿಗೆ ಇದಕ್ಕಿಂತ ಹೆಚ್ಚು ಕೊಟ್ಟಿದ್ದೇನೆ.

ನಿವೃತ್ತ ಗುಮಾಸ್ತ
ನ್ಯಾಯಾಂಗ ಇಲಾಖೆಯಲ್ಲಿ ಬೆಂಚ್ ಗುಮಾಸ್ತನಿಂದ ಶಿರಸ್ತೇದಾರನವರೆಗೆ ಇದ್ದು ಹೊರಬಂದವನು. ನೀವೆಲ್ಲ ವಕೀಲರ ಬಗ್ಗೆ ಮಾತಾಡುತ್ತಿದ್ದೀರಿ. ಕೇಸು ಸಾಯುವುದು ವಕೀಲರ ಕೈಯಲ್ಲಲ್ಲ, ಸಮನ್ಸಿನಲ್ಲಿ.

ಹೇಗೆಂದು ಕೇಳಿ. ದಾವೆ ನೋಂದಣಿಯಾಗಿ ನಂಬರು ಬೀಳುತ್ತದೆ. ಪ್ರತಿವಾದಿಗಳಿಗೆ ಸಮನ್ಸ್ ಆಗಬೇಕಾದರೆ ಪ್ರೊಸೆಸ್ ಫೀ ಕಟ್ಟಬೇಕು. ಅದನ್ನು ಕಟ್ಟದೆ ಒಂದು ವಾಯಿದೆ ಹೋಗುತ್ತದೆ. ಕಟ್ಟಿದ ಮೇಲೆ ಅಮೀನರು ಹಳ್ಳಿಗೆ ಹೋಗುತ್ತಾರೆ. ಚಿಕ್ಕ ಮಾವ ಹೊಲದಲ್ಲಿರುತ್ತಾನೆ. "ಮನೆಗೆ ಬೀಗ" ಎಂದು ಷರಾ ಬರೆದು ವಾಪಸ್ ಬರುತ್ತದೆ. ಇನ್ನೊಂದು ವಾಯಿದೆ. ವಿಳಾಸದಲ್ಲಿ ತಂದೆಯ ಹೆಸರು ತಪ್ಪಿದ್ದರೆ ಮತ್ತೊಂದು. ಹೀಗೆ ಒಬ್ಬ ಪ್ರತಿವಾದಿಗೆ ಜಾರಿಯಾಗದೆ ವರ್ಷ ದಾಟಿದ ಕಡತಗಳನ್ನು ಕೆಂಪು ಪಟ್ಟಿ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ನನ್ನ ಬೆರಳು ಸವೆದಿವೆ. ಜಾರಿಯಾದ ಮೇಲೆ ಪ್ರತಿವಾದಿ 30 ದಿನದಲ್ಲಿ ತಕರಾರು ಹಾಕಬೇಕು, ಹೆಚ್ಚೆಂದರೆ 90 ದಿನ. ಅಷ್ಟರಲ್ಲಿ ನ್ಯಾಯಾಧೀಶರಿಗೆ ವರ್ಗಾವಣೆ, ಪಕ್ಕದ ತಾಲ್ಲೂಕಿನವರಿಗೆ ಪ್ರಭಾರ. ಪ್ರಭಾರದವರು ತಮ್ಮ ಕೋರ್ಟು ನೋಡುವರೋ, ಇದನ್ನು ನೋಡುವರೋ?

ಹೊಂಗೆನೆರಳು ಅವರೇ, ಮಾವಂದಿರ ಪೂರ್ಣ ಹೆಸರು, ತಂದೆಯ ಹೆಸರು, ವಯಸ್ಸು, ಊರು, ಹೋಬಳಿ, ಮೊಬೈಲ್ ನಂಬರು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ವಕೀಲರಿಗೆ ಕೊಡಿ. ಪ್ರೊಸೆಸ್ ಫೀ ಕಟ್ಟಿದ್ದಾರೆಯೇ ಎಂದು ಪ್ರತಿ ಸಲ ಕೇಳಿ. ಉಚಿತ ವಕೀಲರಾಗಲಿ, ದುಡ್ಡಿನ ವಕೀಲರಾಗಲಿ, ಕೇಳುವ ಕಕ್ಷಿದಾರರ ಕಡತ ಮೇಲೆ ಬರುತ್ತದೆ.

ಪ್ರಶ್ನೆಪತ್ರಿಕೆ
ಕಾನೂನು ವಿದ್ಯಾರ್ಥಿ. ದಿವಾಣಿ ಸಂಹಿತೆಯ 17ನೇ ಆದೇಶದಲ್ಲಿ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ಬಾರಿ ವಾಯಿದೆ ಕೊಡುವಂತಿಲ್ಲ ಎಂದು ಇದೆಯಲ್ಲ?

ನಿವೃತ್ತ ಗುಮಾಸ್ತ
ಇದೆ ಮಗು. ಪರೀಕ್ಷೆಯಲ್ಲಿ ಹಾಗೆಯೇ ಬರೆ.

ಬಳ್ಳಿಗಾವೆ
ನಾನು ಅರೆಕಾನೂನು ಸ್ವಯಂಸೇವಕಿ. ಕಪ್ಪು ಕೋಟಿಲ್ಲ, ಪದವಿಯಿಲ್ಲ, ತರಬೇತಿ ಕೊಟ್ಟು ಗುರುತಿನ ಚೀಟಿ ಕೊಟ್ಟಿದ್ದಾರೆ. ಜನರನ್ನು ಕಚೇರಿಯವರೆಗೆ ಕರೆತರುವುದೇ ನಮ್ಮ ಕೆಲಸ.

ಅಕ್ಕ ಅಥವಾ ಅಣ್ಣ (ಹೆಸರಿನಿಂದ ತಿಳಿಯಲಿಲ್ಲ), ತಾಲ್ಲೂಕಿನಲ್ಲಿ ಕಾನೂನು ಸೇವೆಗಳ ಸಮಿತಿ ಇರುತ್ತದೆ, ಅಲ್ಲಿನ ಹಿರಿಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಅರ್ಜಿಯನ್ನು ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಕೊಡಬಹುದು. ಬರೆಯಲು ಬಾರದಿದ್ದರೆ ಅಲ್ಲಿಯವರೇ ಬರೆದುಕೊಳ್ಳುತ್ತಾರೆ. ಆಧಾರ್ ನಕಲು, ಪಹಣಿ ತೆಗೆದುಕೊಂಡು ತಾಯಿಯನ್ನೇ ಕರೆದುಕೊಂಡು ಹೋಗಿ. ಹೋಗುವ ಮೊದಲು 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು.

ನಮ್ಮ ಕಡೆ ಬರುವ ಹೆಂಗಸರು ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಕುರ್ಚಿ ತೋರಿಸಿದರೂ ನೆಲದ ಮೇಲೆ ಕೂರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಇನ್ನೊಂದು ಚೀಲ, ಅದರೊಳಗೆ ಮಡಿಕೆ ಹರಿದ ಪಹಣಿ. ಮೊದಲ ಪ್ರಶ್ನೆ ಎಲ್ಲರದ್ದೂ ಒಂದೇ: "ಅಣ್ಣತಮ್ಮಂದಿರ ಮೇಲೆ ಕೇಸು ಹಾಕಿದರೆ ಪೊಲೀಸರು ಹಿಡಿದುಕೊಂಡು ಹೋಗುತ್ತಾರಾ?" ಇಲ್ಲ, ಇದು ದಿವಾಣಿ ದಾವೆ, ಯಾರನ್ನೂ ಹಿಡಿಯುವುದಿಲ್ಲ ಎಂದ ಮೇಲೆ ಅರ್ಧ ಜನ ಅಲ್ಲಿಯೇ ನಿಟ್ಟುಸಿರು ಬಿಡುತ್ತಾರೆ. ನಿಮ್ಮ ತಾಯಿಗೂ ಇದನ್ನು ಮೊದಲು ಹೇಳಿ.

ಹೊಂಗೆನೆರಳು
ಬಳ್ಳಿಗಾವೆ ಅವರೇ, ಅಮ್ಮ ಕೇಳಿದ್ದು ಅಕ್ಷರಶಃ ಅದೇ ಪ್ರಶ್ನೆ. (ನಾನು ಮಗಳು, ಅಕ್ಕ ಎನ್ನುವಷ್ಟು ವಯಸ್ಸಾಗಿಲ್ಲ.)

ಕಡಲತಡಿ
ಕೋರ್ಟು ಏಕೆ, ಲೋಕ ಅದಾಲತ್‌ನಲ್ಲಿ ಕೂತು ರಾಜಿ ಮಾಡಿಕೊಳ್ಳಿ. ಒಂದೇ ದಿನದಲ್ಲಿ ಮುಗಿಯುತ್ತದೆ, ಕಟ್ಟಿದ ಶುಲ್ಕವೂ ವಾಪಸ್ ಬರುತ್ತದೆ, ಮೇಲ್ಮನವಿಯ ಕಾಟವಿಲ್ಲ. ನನ್ನ ಅಪಘಾತ ವಿಮೆಯ ಕೇಸು ಮುಗಿದದ್ದು ಹಾಗೆ. ವಿಮೆ ಕಂಪನಿಯವರು ಎರಡು ವರ್ಷ ಸತಾಯಿಸಿ, ಅದಾಲತ್‌ನಲ್ಲಿ ಅರ್ಧ ಗಂಟೆಯಲ್ಲಿ ಒಪ್ಪಿಕೊಂಡರು.

ತುಂಗೆಯ ಮಗಳು
ವಿಮೆ ಕಂಪನಿಯೊಂದಿಗೆ ರಾಜಿಯಾಗುವುದು ಬೇರೆ, ಅಣ್ಣಂದಿರೊಂದಿಗೆ ರಾಜಿಯಾಗುವುದು ಬೇರೆ. ಅದಾಲತ್ ಮರುದಿನದ ಪತ್ರಿಕೆಯಲ್ಲಿ ಹಾರ ಹಾಕಿಕೊಂಡು ನಿಂತ ಜೋಡಿಗಳ ಫೋಟೋ ಬರುತ್ತದಲ್ಲ, "ವಿಚ್ಛೇದನ ಕೋರಿದ್ದ ದಂಪತಿ ಮತ್ತೆ ಒಂದಾದರು" ಎಂದು? ಆ ಹೆಣ್ಣುಮಗಳ ಮುಖವನ್ನು ಒಮ್ಮೆ ಸರಿಯಾಗಿ ನೋಡಿ. ನ್ಯಾಯಾಧೀಶರು, ಎರಡೂ ಕಡೆಯ ವಕೀಲರು, ಅತ್ತೆ, ಮಾವ, ಪತ್ರಕರ್ತರು ಎಲ್ಲರೂ ಸುತ್ತ ನಿಂತಿರುವಾಗ "ಒಲ್ಲೆ" ಎನ್ನಲು ಎಷ್ಟು ಧೈರ್ಯ ಬೇಕು! ನನ್ನ ಗೆಳತಿಯೊಬ್ಬಳು ಹಾಗೆ ಹಾರ ಹಾಕಿಸಿಕೊಂಡು ಹೋಗಿ, ಮಳೆಗಾಲ ಮುಗಿಯುವುದರೊಳಗೆ ಮತ್ತೆ ತವರಿಗೆ ಬಂದಳು. ಆ ಫೋಟೋ ಯಾರೂ ತೆಗೆಯಲಿಲ್ಲ.

ಕಡಲತಡಿ
ಒಂದಾಗಿ ಸುಖವಾಗಿರುವವರೂ ಇದ್ದಾರೆ. ಒಂದು ಉದಾಹರಣೆ ಹಿಡಿದು ಇಡೀ ವ್ಯವಸ್ಥೆಯನ್ನೇ ಜರೆಯಬೇಡಿ.

ತುಂಗೆಯ ಮಗಳು
ಜರೆಯುತ್ತಿಲ್ಲ. ಎಷ್ಟು ಪ್ರಕರಣ ಇತ್ಯರ್ಥವಾಯಿತು ಎಂಬ ಲೆಕ್ಕ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಹೇಗೆ ಇತ್ಯರ್ಥವಾಯಿತು ಎಂಬುದು ಬರುವುದಿಲ್ಲ ಎನ್ನುತ್ತಿದ್ದೇನೆ. ಅದರಲ್ಲಿ ಸಂಚಾರ ದಂಡದ ಚೀಟಿಗಳನ್ನೂ ಸೇರಿಸಿ ಎಣಿಸುತ್ತಾರೆ.

ಖಾರಾಮಂಡಕ್ಕಿ
ದಂಡದ ವಿಷಯಕ್ಕೆ ಬರಬೇಡಿ. 2023ರ ಫೆಬ್ರುವರಿಯಲ್ಲಿ ಅರ್ಧ ದಂಡದ ರಿಯಾಯಿತಿ ಬಂದಾಗ ನಾನು ಹೆಲ್ಮೆಟ್ ಇಲ್ಲದ ಎಲ್ಲಾ ಪಾಪಗಳನ್ನೂ ತೊಳೆದುಕೊಂಡೆ. ಆ ರಿಯಾಯಿತಿಯ ಹಿಂದೆ ಇದ್ದದ್ದು ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವೇ. ನ್ಯಾಯದ ಲಭ್ಯತೆ ಎಂದರೆ ಇದಪ್ಪಾ.

ಕರಿಕೋಟು
ತುಂಗೆಯ ಮಗಳು ಹೇಳಿದ್ದರಲ್ಲಿ ಹುರುಳಿದೆ. ಅದಾಲತ್ ತೀರ್ಮಾನಕ್ಕೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಆದ್ದರಿಂದಲೇ ಒಪ್ಪಿಗೆ ನಿಜವಾದ ಒಪ್ಪಿಗೆಯಾಗಿರಬೇಕು. ಇಷ್ಟವಿಲ್ಲದಿದ್ದರೆ ಬೇಡ ಎನ್ನಿ, ಕೇಸು ಬಂದ ಕೋರ್ಟಿಗೇ ವಾಪಸ್ ಹೋಗುತ್ತದೆ, ನಷ್ಟವೇನೂ ಇಲ್ಲ. ಕರೆಂಟು, ನೀರು, ಆಸ್ಪತ್ರೆ, ವಿಮೆ, ಸಾರಿಗೆಯ ತಕರಾರುಗಳಿಗೆ ಖಾಯಂ ಜನತಾ ನ್ಯಾಯಾಲಯ (ಖಾಯಂ ಲೋಕ ಅದಾಲತ್) ಬೇರೆಯೇ ಇದೆ. ಅಲ್ಲಿ ರಾಜಿಯಾಗದಿದ್ದರೆ ಅವರೇ ತೀರ್ಪನ್ನೂ ಕೊಡಬಹುದು, 1 ಕೋಟಿ ರೂಪಾಯಿ ಮೌಲ್ಯದವರೆಗೆ. ಪಾಲಿನ ಕೇಸಿನಲ್ಲಿ ಅದಾಲತ್‌ಗಿಂತ ಮಧ್ಯಸ್ಥಿಕೆ ಕೇಂದ್ರ ವಾಸಿ. ಬಾಗಿಲು ಹಾಕಿಕೊಂಡು ನಿಧಾನವಾಗಿ ಕೂತು ಮಾತಾಡುತ್ತಾರೆ, ಫೋಟೋ ಗದ್ದಲವಿಲ್ಲ. ಬೆಂಗಳೂರಿನಲ್ಲಿ 2007ರಿಂದ ನಡೆಯುತ್ತಿದೆ.

ಜೋಳದರೊಟ್ಟಿ
ನೀವೆಲ್ಲ ತಾಲ್ಲೂಕಿನಲ್ಲಿ ಕೋರ್ಟು ಇರುವವರು, ಪುಣ್ಯವಂತರು. ನಾವು ಕಲಬುರಗಿಯವರು. 2008ರ ಜುಲೈಗೆ ಮೊದಲು ಹೈಕೋರ್ಟಿನಲ್ಲಿ ಒಂದು ಅರ್ಜಿ ಇದೆಯೆಂದರೆ ರಾತ್ರಿಯಿಡೀ ರೈಲಿನಲ್ಲಿ ಕೂತು ಬೆಂಗಳೂರಿಗೆ ಹೋಗಬೇಕಿತ್ತು. ನಮ್ಮ ತಂದೆ ನೌಕರಿಯ ಕೇಸಿಗಾಗಿ ಅಲೆದರು. ಬೆಳಿಗ್ಗೆ ಇಳಿದು, ಮೆಜೆಸ್ಟಿಕ್ ಬಳಿಯ ಲಾಡ್ಜಿನಲ್ಲಿ ಮುಖ ತೊಳೆದು, ಹೈಕೋರ್ಟ್ ಇರುವ ಅಠಾರಾ ಕಚೇರಿಗೆ ಹೋಗಿ ಕಾಯ್ದರೆ ಸಂಜೆಗೆ "ಇಂದು ಬರಲಿಲ್ಲ" ಎಂಬ ಉತ್ತರ. ಮತ್ತೆ ರಾತ್ರಿ ರೈಲು. ಸಂಚಾರಿ ಪೀಠ ಬಂದು, 2013ರಲ್ಲಿ ಖಾಯಂ ಆದ ಮೇಲೆ ಬೀದರ್, ಯಾದಗಿರಿ, ರಾಯಚೂರು, ವಿಜಯಪುರದವರ ಹಣೆಬರಹ ಬದಲಾಯಿತು. ಬಿಟ್ಟಿ ವಕೀಲರು, ಅದಾಲತ್ತು ಎಲ್ಲ ಇರಲಿ. ನನ್ನನ್ನು ಕೇಳಿದರೆ, ದೂರ ಕಡಿಮೆ ಮಾಡಿದ್ದೇ ದೊಡ್ಡ ನ್ಯಾಯ.

ಕಡಲತಡಿ
ಅದನ್ನೇ ನಾವು ಮಂಗಳೂರಿಗೂ ಕೇಳುತ್ತಿರುವುದು. ಘಾಟಿ ಕುಸಿದರೆ ಹೈಕೋರ್ಟೂ ಇಲ್ಲ, ಏನೂ ಇಲ್ಲ.

ಹಳೇಪೇಟೆ
ಈಗ ವಿಡಿಯೊದಲ್ಲೇ ವಿಚಾರಣೆ ನಡೆಯುತ್ತದಲ್ಲ, ಪೀಠ ಏಕೆ?

ಕಡಲತಡಿ
ವಕೀಲರಿಗೆ ವಿಡಿಯೊ ಸಾಕು. ಕಕ್ಷಿದಾರನಿಗೆ ವಕೀಲರೇ ಬೆಂಗಳೂರಿನಲ್ಲಿ ಇರುತ್ತಾರೆ, ಅವರ ಫೀಸೂ ಬೆಂಗಳೂರಿನದೇ.

ನಿವೃತ್ತ ಗುಮಾಸ್ತ
ದೂರ ಕಡಿಮೆ ಮಾಡಲೆಂದೇ ಗ್ರಾಮ ನ್ಯಾಯಾಲಯ ಕಾಯಿದೆ ಮಾಡಿದರು. 2008ರ ಕಾಯಿದೆ, 2009ರ ಗಾಂಧಿ ಜಯಂತಿಯಂದು ಜಾರಿ. ನ್ಯಾಯಾಧಿಕಾರಿ ವಾಹನದಲ್ಲಿ ಹಳ್ಳಿಗೇ ಬಂದು ವಿಚಾರಣೆ ನಡೆಸಬೇಕು ಎಂಬ ಕಲ್ಪನೆ. ಓದಲು ಬಹಳ ಚೆಂದ. ಆದರೆ ನಾನು ನಿವೃತ್ತನಾಗುವವರೆಗೂ ಆ ವಾಹನ ಕಣ್ಣಿಗೆ ಬೀಳಲಿಲ್ಲ.

ಪ್ರಶ್ನೆಪತ್ರಿಕೆ
ಯಾರೂ ಭಾಷೆಯ ಮಾತೇ ಎತ್ತಲಿಲ್ಲ. ಸಾಕ್ಷಿ ಕನ್ನಡದಲ್ಲಿ ಹೇಳುತ್ತಾನೆ, ತೀರ್ಪು ಇಂಗ್ಲಿಷಿನಲ್ಲಿ ಬರುತ್ತದೆ. ಗೆದ್ದೆನೋ ಸೋತೆನೋ ಎಂದು ವಕೀಲರನ್ನೇ ಕೇಳಬೇಕು. 2024ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ಪೀಠ ಹೈಕೋರ್ಟಿನಲ್ಲಿ ಕನ್ನಡದಲ್ಲೇ ತೀರ್ಪು ಕೊಟ್ಟಿತು. ಹೈಕೋರ್ಟಿನಲ್ಲಿ ಸಾಧ್ಯವಾದದ್ದು ತಾಲ್ಲೂಕಿನಲ್ಲಿ ಏಕೆ ಅಪರೂಪ?

ಕರಿಕೋಟು
ತಾಲ್ಲೂಕಿನಲ್ಲಿ ಕಾನೂನಿನ ಅಡ್ಡಿಯೇ ಇಲ್ಲ, ಕೆಳ ನ್ಯಾಯಾಲಯದ ಭಾಷೆ ಕನ್ನಡ. ದಾವೆ, ತಕರಾರು, ಪಾಟಿ ಸವಾಲು ಎಲ್ಲ ಕನ್ನಡದಲ್ಲೇ ನಡೆಯುತ್ತವೆ, ಕನ್ನಡದಲ್ಲಿ ತೀರ್ಪು ಬರೆಯುವ ನ್ಯಾಯಾಧೀಶರೂ ಇದ್ದಾರೆ. ಹೈಕೋರ್ಟಿಗೆ ಮಾತ್ರ ಅಲ್ಲಿಯ ಭಾಷೆ ಇಂಗ್ಲಿಷ್ ಎನ್ನುವ ಸಂವಿಧಾನದ 348ನೇ ವಿಧಿ ಅಡ್ಡ ಬರುತ್ತದೆ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಹಿಂದಿಗೆ ಅನುಮತಿ ಸಿಕ್ಕಿದೆ.

ಖಾರಾಮಂಡಕ್ಕಿ
ಅವರಿಗೆ ಸಿಕ್ಕಿತು, ನಮಗಿಲ್ಲ. ಈ ವಾಕ್ಯವನ್ನು ಯಾವ ವಿಷಯಕ್ಕೆ ಬೇಕಾದರೂ ಬಳಸಬಹುದು.

ಹಳೇಪೇಟೆ
ಭಾಷೆ ಬಿಡಿ. ಹೊಂಗೆನೆರಳು ಅವರಿಗೆ ನಿಜ ಹೇಳುವವರು ಯಾರು? ಡಿಕ್ರಿ ಬಂದ ಮೇಲೆ ಕಷ್ಟ ಶುರುವಾಗುವುದು. ಪಾಲಿನ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ: ನಿಮಗೆ ಇಂತಿಷ್ಟು ಅಂಶ ಪಾಲು ಎಂಬ ಕಾಗದ. ಯಾವ ಬದು, ಯಾವ ಮೂಲೆ ಎಂದು ಅದರಲ್ಲಿ ಇರುವುದಿಲ್ಲ. ಅದಕ್ಕೆ ಅಂತಿಮ ಡಿಕ್ರಿಯ ನಡಾವಳಿ ಬೇರೆ. ಕಂದಾಯದ ಜಮೀನಾದರೆ ದಿವಾಣಿ ಸಂಹಿತೆಯ 54ನೇ ಕಲಮಿನಂತೆ ಜಿಲ್ಲಾಧಿಕಾರಿಗೆ ಕಡತ ಹೋಗಬೇಕು, ಅಲ್ಲಿಂದ ತಹಶೀಲ್ದಾರರಿಗೆ, ಅಲ್ಲಿಂದ ಭೂಮಾಪಕರಿಗೆ. ನಮ್ಮ ದಾಯಾದಿ ಕೇಸಿನಲ್ಲಿ ಗೆದ್ದು, ಅಳತೆಗಾಗಿ ಕಾಯುತ್ತಲೇ ಚಿಕ್ಕಪ್ಪ ತೀರಿಕೊಂಡರು. ಈಗ ಅವರ ಮಕ್ಕಳನ್ನು ಕೇಸಿಗೆ ಸೇರಿಸುವ ಅರ್ಜಿ ನಡೆಯುತ್ತಿದೆ.

ಕರಿಕೋಟು
ಈ ಮಾತಿಗೆ ನನ್ನ ತಕರಾರಿಲ್ಲ. ಪ್ರಾಥಮಿಕ ಡಿಕ್ರಿಯಾದ ಮೇಲೆ ಕೋರ್ಟೇ ಮುಂದುವರಿದು ಅಂತಿಮ ಡಿಕ್ರಿಗೆ ಹೋಗಬೇಕು, ಕಕ್ಷಿದಾರರು ಬೇರೆ ಅರ್ಜಿ ಹಾಕುವವರೆಗೆ ಕಾಯಬಾರದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಭೂಮಾಪಕರು ಎಲ್ಲಿಂದ ಬರಬೇಕು ಎಂದು ಹೇಳಿಲ್ಲ.

ತುಂಗೆಯ ಮಗಳು
ಹಾಗೆಂದು ದಾವೆ ಹಾಕದಿದ್ದರೆ ಮಾವಂದಿರಿಗೆ ಭೂಮಾಪಕರೂ ಬೇಡ, ಯಾರೂ ಬೇಡ. ಆರು ಎಕರೆಯೂ ಅವರದೇ. ಹಳೇಪೇಟೆಯವರ ಮಾತು ಕೇಳಿದರೆ ಹೆಣ್ಣುಮಕ್ಕಳು ಸೀರೆ ತೆಗೆದುಕೊಂಡು ಸುಮ್ಮನಿರುವುದೇ ಲೇಸು ಎಂಬಂತಿದೆ.

ಹಳೇಪೇಟೆ
ನಾನು ಹಾಗೆ ಹೇಳಲಿಲ್ಲ ತಾಯಿ. ಎಷ್ಟು ವರ್ಷಕ್ಕೆ ಬುತ್ತಿ ಕಟ್ಟಿಕೊಂಡು ಹೊರಡಬೇಕೆಂದು ಹೇಳಿದೆ.

ಹೊಂಗೆನೆರಳು
ಎಲ್ಲರಿಗೂ ಧನ್ಯವಾದ. ನಿನ್ನೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಕಚೇರಿ ಎಂದರೆ ಒಂದು ಮೇಜು, ಎರಡು ಬೀರು, ಗೋಡೆಯಲ್ಲಿ ಅಂಬೇಡ್ಕರ್ ಚಿತ್ರ. ಅಲ್ಲಿದ್ದ ಮೇಡಂ ಅಮ್ಮನಿಂದಲೇ ಎಲ್ಲ ಹೇಳಿಸಿಕೊಂಡು ಅರ್ಜಿ ಬರೆದುಕೊಂಡರು. ನಾನು ನಡುವೆ ಬಾಯಿ ಹಾಕಿದರೆ "ನಿಮ್ಮ ಅಮ್ಮ ಹೇಳಲಿ" ಎಂದು ಸುಮ್ಮನಾಗಿಸಿದರು. ವಕೀಲರನ್ನು ನೇಮಿಸಿ ತಿಳಿಸುತ್ತಾರಂತೆ. ಮೊದಲು ಮಾವಂದಿರಿಗೆ ನೋಟಿಸು ಕಳುಹಿಸಿ ಮಾತುಕತೆಗೆ ಕರೆಯಲೇ ಎಂದು ಕೇಳಿದರು. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಕರೆಯಿರಿ, ಆದರೆ ಬಾರದಿದ್ದರೆ ಕಾಯುವುದಿಲ್ಲ" ಎಂದರು. ನನಗೇ ಆಶ್ಚರ್ಯವಾಯಿತು. ಈಗ ವಂಶವೃಕ್ಷ ತರಲು ಹೇಳಿದ್ದಾರೆ. ಅದನ್ನು ಎಲ್ಲಿ ಮಾಡಿಸುವುದು?

ನಿವೃತ್ತ ಗುಮಾಸ್ತ
ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಗ್ರಾಮ ಆಡಳಿತಾಧಿಕಾರಿ (ಹಿಂದೆ ಗ್ರಾಮ ಲೆಕ್ಕಿಗರು ಎನ್ನುತ್ತಿದ್ದೆವು) ಊರಿನಲ್ಲಿ ವಿಚಾರಿಸಿ ಬರೆಯುತ್ತಾರೆ.

ಬಳ್ಳಿಗಾವೆ
ಒಂದು ಎಚ್ಚರಿಕೆ. ಮಾವಂದಿರು ಈಗಾಗಲೇ ಒಂದು ವಂಶವೃಕ್ಷ ಮಾಡಿಸಿರಬಹುದು, ಅದರಲ್ಲಿ ಹೆಣ್ಣುಮಕ್ಕಳ ಹೆಸರೇ ಇಲ್ಲದಿರಬಹುದು. ನಮ್ಮ ಕಡೆ ಹೀಗೆ ಆಗುತ್ತಲೇ ಇರುತ್ತದೆ. ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ) ಅರ್ಜಿ ಬಿದ್ದಿದೆಯೇ ಎಂದೂ ಅಲ್ಲಿಯೇ ಕೇಳಿ. ಬಿದ್ದಿದ್ದರೆ ಅಮ್ಮನ ಹೆಸರಿನಲ್ಲಿ ಅಂದೇ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ.

ಹೊಂಗೆನೆರಳು
ಅಮ್ಮನ ಹೆಸರು ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದೆ. ತೊಂದರೆಯಾಗುತ್ತದೆಯೇ?

ಕರಿಕೋಟು
ಎರಡೂ ಒಬ್ಬರೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ದಾವೆಯಲ್ಲಿ ಎರಡೂ ಹೆಸರು ಬರೆಯಲು ವಕೀಲರಿಗೆ ಹೇಳಿ. ದಾವೆ ನೋಂದಣಿಯಾದ ದಿನವೇ ಸಿಎನ್‌ಆರ್ ನಂಬರು, ಅಂದರೆ ಕೇಸಿನ ಗುರುತಿನ ಸಂಖ್ಯೆ, ಕೇಳಿ ಬರೆದಿಟ್ಟುಕೊಳ್ಳಿ, 16 ಅಕ್ಷರ ಅಂಕಿಗಳದು. ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕಿಕೊಂಡರೆ ಮುಂದಿನ ವಾಯಿದೆ ಎಂದು, ಏನು ಹಂತ ಎಂದು ಯಾರನ್ನೂ ಕೇಳದೆ ನೋಡಬಹುದು.

ಜೋಳದರೊಟ್ಟಿ
ನಮ್ಮ ಕೇಸಿನ ಪುಟದಲ್ಲಿ ಮುಂದಿನ ತಾರೀಖು ಭಾನುವಾರ ತೋರಿಸುತ್ತಿದೆ. ಇದಕ್ಕೇನು ಮಾಡಬೇಕು?

ನಿವೃತ್ತ ಗುಮಾಸ್ತ
ಶನಿವಾರ ಹೋಗಿ ಬೆಂಚ್ ಗುಮಾಸ್ತರ ಡೈರಿ ನೋಡಿ. ಎರಡನೇ ಶನಿವಾರವಾದರೆ ಸೋಮವಾರ.